ದೊಡ್ಡ ಮೇಡಂ ಗಂಟಲು ಕಟ್ಟಿದಾಗ

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಯಾರೋ ಗೊತ್ತಿಲ್ಲ, ವಕೀಲರಂತೂ ಅಲ್ಲ. ಆ ಗಾದೆ ನಿಜವಾಗಿದ್ದರೆ ದೇಶದ ಕರಿ ಕೋಟುಗಳೆಲ್ಲ ಮೊಳೆಗೆ ನೇತುಬಿದ್ದು ಜೇಡರ ಬಲೆ ಕಟ್ಟಿಕೊಳ್ಳಬೇಕಿತ್ತು. ದೊಡ್ಡ ಮೇಡಂ ಮಾತನ್ನೂ ಬಲ್ಲವರು, ಜಗಳವನ್ನೂ ಬಲ್ಲವರು, ಎರಡನ್ನೂ ನಂಬಿಕೊಂಡು ಸುಪ್ರೀಂ ಕೋರ್ಟಿನ ಮುಂದಿನ ಸಾಲಿನ ಕುರ್ಚಿಯವರೆಗೆ ಬಂದವರು. ಅಂಥವರಿಗೆ, ಜೀವಮಾನವೆಲ್ಲ ಕಾದಿದ್ದ ಕೇಸು ವಿಚಾರಣೆಗೆ ಬರುವ ವಾರದಲ್ಲೇ ಗಂಟಲು ಕಟ್ಟಿತು.

"ಸ್ವರತಂತು ಊದಿಕೊಂಡಿದೆ," ಎಂದರು ಗಂಟಲಿನ ಡಾಕ್ಟರು, ಪುಟ್ಟ ಟಾರ್ಚನ್ನು ಜೇಬಿಗೆ ಇಳಿಸುತ್ತ. "ಮಾತು ಪೂರ್ತಿ ಬಂದ್. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಏನಿದ್ರೂ ಬರೆದು ತೋರಿಸಿ."

ಮೇಡಂ ಆಕ್ಷೇಪಣೆ ಎತ್ತಲೆಂದು ಬಾಯಿ ತೆರೆದರು. ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು.

"ಹಟ ಮಾಡಿದ್ರೆ ಇದೇ ಸ್ವರ ಖಾಯಂ ಆಗುತ್ತೆ ನೋಡಿ," ಎಂದರು ಡಾಕ್ಟರು.

ಪಕ್ಕದ ಕುರ್ಚಿಯಲ್ಲಿದ್ದ ಗಂಡ ಗಂಭೀರವಾಗಿ ತಲೆ ಆಡಿಸಿದರು. ಆ ಗಾಂಭೀರ್ಯದ ಹಿಂದೆ ಎಲ್ಲೋ ಒಂದೆಳೆ ನೆಮ್ಮದಿಯೂ ಇದೆ ಎಂದು ಮೇಡಂಗೆ ಅನುಮಾನ ಬಂತು. ಆದರೆ ಅನುಮಾನವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಮೇಡಂ ದರ್ಜಿಯ ಮಗಳು. ಚಿಕ್ಕವರಿದ್ದಾಗ ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತು, ಬಟ್ಟೆ ಬಿಗಿಯಾಯಿತು ಎಂದು ತಕರಾರು ತಂದ ಗಿರಾಕಿಗಳ ಜೊತೆ ಅಪ್ಪನ ಪರವಾಗಿ ವಾದಿಸುತ್ತಿದ್ದರು. ಬಟ್ಟೆ ಬಿಗಿಯಾಗಿಲ್ಲ, ನೀವು ದಪ್ಪಗಾಗಿದ್ದೀರಿ ಎಂದು ಗಿರಾಕಿಯ ಬಾಯಿಂದಲೇ ಒಪ್ಪಿಸಿ ಕಳಿಸುತ್ತಿದ್ದರು. ಹೀಗೇ ಬಿಟ್ಟರೆ ಗಿರಾಕಿಗಳು ಉಳಿಯುವುದಿಲ್ಲ ಎಂದು ಹೆದರಿದ ಅಪ್ಪ ಮಗಳನ್ನು ಕಾನೂನು ಓದಲು ಕಳಿಸಿದರು. ಓದು ಮುಗಿದಾಗ ತಾವೇ ಕೈಯಾರೆ ಗೌನು ಹೊಲಿದುಕೊಟ್ಟರು. ತೋಳು ಬೆರಳ ತುದಿ ದಾಟಿ ಇಳಿಯುತ್ತಿತ್ತು. "ಇರಲಿ ಬಿಡು, ಇನ್ನೂ ಬೆಳೀತೀಯ," ಎಂದರಂತೆ, ಮದುವೆ ವಯಸ್ಸಿಗೆ ಬಂದ ಮಗಳಿಗೆ.

ಬೆಳೆದರು ಕೂಡ. ಫ್ಯಾನು ತಿರುಗದ ಸಣ್ಣ ಕೋರ್ಟಿನಲ್ಲಿ ಶುರುವಾಗಿ, ಬೇಲಿ ಜಗಳ, ಬಾಡಿಗೆ ಜಗಳ, ಸೊಸೆ ಜಗಳ ಎಲ್ಲವನ್ನೂ ಹಾದು, ಒಂದೊಂದೇ ಮೆಟ್ಟಿಲು ಹತ್ತಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಎದ್ದು ನಿಂತರೆ ಕಾನೂನು ವಿದ್ಯಾರ್ಥಿಗಳು ಗೋಡೆಗೆ ಒತ್ತಿಕೊಂಡು ನಿಂತು ಕೇಳುತ್ತಿದ್ದರು. ಎದುರು ಪಕ್ಷದ ವಕೀಲರು ನೀರಿನ ಬಾಟಲಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಮೇಡಂ ವಾದದಲ್ಲಿ ಒಂದೇ ಒಂದು ಕೊರತೆ ಎಂದರೆ ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಕಾರಣ ಸಾಕಾಗುವಲ್ಲಿ ಹತ್ತು ಹೇಳುತ್ತಿದ್ದರು, ಹತ್ತಕ್ಕೂ ಉಪಕಾರಣಗಳಿರುತ್ತಿದ್ದವು. ಊಟದ ಹೊತ್ತು ಮೀರಿದರೂ ನ್ಯಾಯಮೂರ್ತಿಗಳು ಬಾಯಿಬಿಟ್ಟು ಹಸಿವು ಎನ್ನಲಾರದೆ ಗಡಿಯಾರದ ಕಡೆ ದೀನರಾಗಿ ನೋಡುತ್ತಿದ್ದರು.

ಗಂಡನದ್ದು ಬೇರೆಯೇ ಜಾತಕ. ಅವರೂ ವಕೀಲರೇ, ಓದಿನಲ್ಲಿ ಹೆಂಡತಿಗಿಂತ ಒಂದು ಕೈ ಮೇಲೆ. ಆದರೆ ಅವರದ್ದು ತೂಕದ ಮಾತು. ತೂಗಿ ಮುಗಿಸುವಷ್ಟರಲ್ಲಿ ಕಕ್ಷಿದಾರ ಇನ್ನೊಂದು ಅಂಗಡಿ ಹುಡುಕಿಕೊಂಡಿರುತ್ತಿದ್ದ. ಕೊನೆಗೆ ತಮ್ಮ ಬೋರ್ಡು ಇಳಿಸಿ ಹೆಂಡತಿಯ ಆಫೀಸಿಗೆ ಜೂನಿಯರಾಗಿ ಬಂದರು. ಕಡತ ಓದುವುದು, ಅರ್ಜಿ ಬರೆಯುವುದು, ಟೈಪು ಮಾಡಿಸುವುದು ಅವರ ಪಾಲು, ಮಾತು ಮೇಡಂ ಪಾಲು. ಮನೆಯಲ್ಲಿ ಅವರು ಹೆಂಡತಿಯನ್ನು "ಏ, ನೀನು" ಎನ್ನುವರು, ಮೇಡಂ ಅವರನ್ನು "ರೀ" ಎನ್ನುವರು. ಕೋರ್ಟಿನ ಗೇಟು ದಾಟಿದ ಕೂಡಲೇ ಗಂಡ "ಮೇಡಂ, ತಾವು" ಎನ್ನಬೇಕು, ಹೆಂಡತಿ "ವಕೀಲರೇ" ಎನ್ನಬೇಕು. ಇಬ್ಬರಿಗೂ ಇದರಲ್ಲಿ ಒಳಗೊಳಗೇ ಖುಷಿಯಿತ್ತು.

ಕೋರ್ಟಿನಲ್ಲಿ ಗಂಡನಿಗೆ ಬಾಯಿ ತೆರೆಯುವ ಕೆಲಸ ಒಂದೇ. ಹೆಸರಾದ ವಕೀಲರ ಕೇಸುಗಳು ಒಂದೇ ದಿನ ಎರಡು ಮೂರು ಕೋಣೆಗಳಲ್ಲಿರುತ್ತವೆ. ಮೇಡಂ ಒಂದು ಕಡೆ ವಾದಿಸುತ್ತಿರುವಾಗ ಇನ್ನೊಂದು ಕಡೆ ಕೂಗಿದರೆ, ಅಲ್ಲಿ ಎದ್ದು ನಿಂತು, "ನಮ್ಮ ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿ ವಾದ ಮಾಡ್ತಿದ್ದಾರೆ ಮಹಾಸ್ವಾಮಿ, ದಯವಿಟ್ಟು ಆಮೇಲೆ ಕರೀಬೇಕು," ಎನ್ನಬೇಕು. ಇಷ್ಟನ್ನು ವರ್ಷಗಟ್ಟಲೆ ಹೇಳಿ ಹೇಳಿ ಅವರಿಗೆ ಕೋರ್ಟಿನಲ್ಲೆಲ್ಲ 'ಆಮೇಲೆ ಸಾರ್' ಎಂದೇ ಹೆಸರಾಗಿತ್ತು. ಜವಾನರು ನಮಸ್ಕಾರ ಹಾಕುವಾಗಲೂ ಹಾಗೇ ಕರೆಯುತ್ತಿದ್ದರು, ಇವರೂ ನಕ್ಕು ಕೈ ಎತ್ತುತ್ತಿದ್ದರು.

ಈಗ ಬಂದಿದ್ದ ಕೇಸು ಒಂದು ಈಜುಕೊಳದ್ದು. ನಗರಸಭೆಯ ಹಳೆಯ ಕೊಳ, ಯಾರು ಬೇಕಾದರೂ ಇಳಿಯಬಹುದಾದದ್ದು. ಅರ್ಧ ಊರು ಅಲ್ಲೇ ಈಜು ಕಲಿತಿತ್ತು. ಅದಕ್ಕೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆ ಎಂದು ನಗರಸಭೆ ಆದೇಶ ಹೊರಡಿಸಿತ್ತು. ಅಲ್ಲಿ ಮಕ್ಕಳಿಗೂ ಮುದುಕರಿಗೂ ಈಜು ಹೇಳಿಕೊಡುತ್ತಿದ್ದ ಟೀಚರಮ್ಮ ಕೆಳಗಿನ ಕೋರ್ಟುಗಳಲ್ಲೆಲ್ಲ ಸೋತು ಮೇಡಂ ಬಳಿ ಬಂದಿದ್ದಳು. ಅಗಲ ಭುಜದ, ಗಟ್ಟಿ ದನಿಯ ಹೆಂಗಸು. "ನಾನು ಸೋಲೋಕೆ ರೆಡಿ ಮೇಡಂ, ಕೊಳ ಸೋಲಬಾರದು," ಎಂದಿದ್ದಳು.

ಮೇಡಂಗೆ ಇದು ಬರೀ ಕೊಳವಾಗಿರಲಿಲ್ಲ. ಊರಿಗೆಲ್ಲ ಸೇರಿದ್ದಕ್ಕೆ ನಗರಸಭೆ ಒಡೆಯನೋ, ಕಾವಲುಗಾರನೋ ಎಂಬ ಪ್ರಶ್ನೆ ಅವರನ್ನು ಸಣ್ಣ ಕೋರ್ಟಿನ ದಿನಗಳಿಂದ ಕಾಡಿತ್ತು. ಕಾವಲುಗಾರ ಮನೆ ಮಾರುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟರೆ, ಆಟದ ಬಯಲು, ವಾಚನಾಲಯ, ಮರದ ನೆರಳು ಎಲ್ಲಕ್ಕೂ ರಕ್ಷೆ ಸಿಕ್ಕೀತು. ತೀರ್ಪು ಕಾನೂನು ಪುಸ್ತಕ ಸೇರೀತು, ಅದರ ಜೊತೆಗೆ ವಾದಿಸಿದವರ ಹೆಸರೂ ಸೇರೀತು. ಹೆಸರಿನ ಆಸೆ ಇರಲಿಲ್ಲ ಎಂದರೆ ಸುಳ್ಳು. ಆಸೆ ಇತ್ತು, ಚೆನ್ನಾಗಿಯೇ ಇತ್ತು. ಆ ಒಂದು ವಾದವನ್ನು ಅವರು ತಿದ್ದಿ ತೀಡಿ, ತಲೆದಿಂಬಿನ ಗಾತ್ರಕ್ಕೆ ಬೆಳೆಸಿದ್ದರು.

ಮಣ್ಣು ತುಂಬಬಾರದೆಂಬ ತಡೆಯಾಜ್ಞೆ ವಿಚಾರಣೆಯ ದಿನ ಸಂಜೆಗೆ ಮುಗಿಯುವುದಿತ್ತು. ಮರುದಿನದಿಂದ ಕೋರ್ಟಿಗೆ ದೊಡ್ಡ ರಜೆ. ಕೊಳದ ಗೇಟಿನ ಮುಂದೆ ಮಣ್ಣಿನ ಲಾರಿಗಳು ಆಗಲೇ ಸಾಲುಗಟ್ಟಿದ್ದವು. ಬೇರೆ ವಕೀಲರಿಗೆ ಅಷ್ಟು ದೊಡ್ಡ ಕಡತ ಓದಲು ಹೊತ್ತಿರಲಿಲ್ಲ. ಅದನ್ನು ಅಕ್ಷರ ಅಕ್ಷರ ಬಲ್ಲವರು ಇನ್ನೊಬ್ಬರೇ.

"ನಾನಾ?" ಎಂದರು ಗಂಡ, ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದವರು.

ಮೇಡಂ ಚೀಟಿಯಲ್ಲಿ ಬರೆದರು: "ರೀ, ನೀವೇ. ನಾನು ಪಕ್ಕದಲ್ಲಿರ್ತೀನಿ. ತಪ್ಪಿದ್ರೆ ಚೀಟಿ ಕೊಡ್ತೀನಿ."

"ಅದೇ ಭಯ ನಂಗೆ," ಎಂದರು ಗಂಡ. ಚಹಾ ಲೋಟದ ಆಚೆ ಸುರಿಯುತ್ತಿತ್ತು.

ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ದೊಡ್ಡ ಮೇಡಂ ಕೊಳದ ಕೇಸು ಎಂದು ವಿದ್ಯಾರ್ಥಿಗಳು ಬಂದಿದ್ದರು, ಗಂಟಲು ಕಟ್ಟಿದೆ ಎಂಬ ಸುದ್ದಿ ಕೇಳಿ ಉಳಿದವರೂ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಟೀಚರಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಗುಮಾಸ್ತ ಕೇಸಿನ ಸಂಖ್ಯೆ ಕೂಗಿದ. ಆಮೇಲೆ ಸಾರ್ ಎದ್ದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದರು.

"ನಮ್ಮ ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿ ವಾದ ಮಾಡ್ತಿದ್ದಾರೆ ಮಹಾಸ್ವಾಮಿ, ದಯವಿಟ್ಟು ಆಮೇಲೆ ಕರೀಬೇಕು."

ಹಿರಿಯ ನ್ಯಾಯಮೂರ್ತಿಗಳು ಕಡತದಿಂದ ತಲೆ ಎತ್ತಲಿಲ್ಲ. ಆ ದನಿ, ಆ ಮಾತು ಅವರ ಕಿವಿಗೂ ಅಷ್ಟೇ ರೂಢಿಯಾಗಿತ್ತು. "ಆಗಲಿ, ಕೊನೆಗೆ," ಎಂದುಬಿಟ್ಟರು. ಗುಮಾಸ್ತ ಮುಂದಿನ ಕೇಸು ಕೂಗಿದ. ಆ ಕೇಸಿನ ವಕೀಲರು ಗುಡುಗಿನಂಥ ಗಂಟಲಿನ ಮುದುಕರು. ಕೂಗಿದ್ದೇ ತಡ ಎದ್ದು ನಿಂತು ಶುರು ಹಚ್ಚಿಕೊಂಡರು.

ಮೇಡಂ ಗಂಡನ ಪಕ್ಕದಲ್ಲೇ, ಮೊಳದ ದೂರದಲ್ಲಿ, ಬಾಯಿ ತೆರೆದು ನಿಂತಿದ್ದರು. ಸದ್ದು ಬರಲಿಲ್ಲ. ಗಂಡನ ಗೌನು ಜಗ್ಗಿದರು, ಮೇಜು ಬಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಗೋಡೆಯಿಂದ ಗೋಡೆಗೆ ಹರಡಿತು. ಆಗ ನ್ಯಾಯಮೂರ್ತಿಗಳು ತಲೆ ಎತ್ತಿದರು.

"ಮೇಡಂ ಇಲ್ಲೇ ಇದ್ದಾರಲ್ಲ," ಎಂದರು.

ಆಮೇಲೆ ಸಾರ್ ಹೆಂಡತಿಯ ಕಡೆ ತಿರುಗಿ ನೋಡಿದರು. ಅವರಿಗೂ ಆಗಷ್ಟೇ ಕಂಡ ಹಾಗಿತ್ತು.

"ಈಗ ಇವರು ಶುರು ಮಾಡಿಬಿಟ್ಟಿದ್ದಾರೆ," ಎಂದು ನ್ಯಾಯಮೂರ್ತಿಗಳು ನಗು ಅದುಮಿಕೊಂಡು ಹೇಳಿದರು. "ನಿಮ್ಮದನ್ನ ಇವತ್ತೇ ತಗೋತೀವಿ. ಆದರೆ ಕೊನೆಗೆ."

ಹೊರಗಿನ ಉದ್ದ ಮೊಗಸಾಲೆಯ ಕಲ್ಲುಬೆಂಚಿನಲ್ಲಿ ಗಂಡಹೆಂಡತಿ ಕೂತರು. ಒಳಗೆ ಗುಡುಗು ನಡೆದೇ ಇತ್ತು. ಮೇಡಂ ಎಷ್ಟು ಒತ್ತಿ ಬರೆದರೆಂದರೆ ಚೀಟಿ ಹರಿಯಿತು: "ವಕೀಲರೇ, ನಾನು ಯಾವ ಕೋರ್ಟಿನಲ್ಲಿ ವಾದ ಮಾಡ್ತಿದ್ದೆ? ಅದೊಂದು ಹೇಳಿಬಿಡಿ."

"ಬಾಯಿತಪ್ಪಿ ಬಂತು ಕಣೇ." ಕೋರ್ಟಿನ ಗೇಟಿನೊಳಗೆ ಅವರು ಹಾಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. "ಎದ್ದು ನಿಂತ್ರೆ ಬೇರೆ ಮಾತೇ ಬರಲ್ಲ ನಂಗೆ. ನಿನ್ನ ಜೀವಮಾನದ ಕೇಸನ್ನ ನಾನೇ ಹಾಳುಮಾಡಿದೆ." ಅವರ ಕಣ್ಣು ತುಂಬಿ ಬಂದಿತ್ತು.

ಮೇಡಂ ಇನ್ನೊಂದು ಚೀಟಿ ಎತ್ತಿಕೊಂಡರು. ಬೈಗುಳಗಳು ಸಿದ್ಧವಾಗಿಯೇ ಇದ್ದವು. ಆದರೆ ತುಂಬಿದ ಕೋರ್ಟಿನಲ್ಲಿ ತಾನು ಕರಿ ಗೌನು ತೊಟ್ಟು ಮೂಕಾಭಿನಯ ಮಾಡಿದ್ದು ಕಣ್ಣಮುಂದೆ ಬಂದುಬಿಟ್ಟಿತು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಸದ್ದಿಲ್ಲದ ನಗು ಸದ್ದಿನ ನಗುವಿಗಿಂತ ಕಷ್ಟದ್ದು, ಪಕ್ಕೆ ಹಿಡಿದುಕೊಳ್ಳುತ್ತದೆ. ಗಂಡ ಗಾಬರಿಯಿಂದ ನೋಡಿ, ಇವಳು ಅಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಾವೂ ನಕ್ಕರು. ದಾರಿಯಲ್ಲಿ ಹೋಗುತ್ತಿದ್ದ ವಕೀಲರು ಇವರ ಕೇಸು ಗೆದ್ದಿರಬೇಕು ಎಂದುಕೊಂಡರು.

ಟೀಚರಮ್ಮ ಮಾತ್ರ ನಗಲಿಲ್ಲ. ಎದುರು ಬಂದು ನಿಂತಳು. "ಮೇಡಂ, ನಂಗೆ ಕಾನೂನು ಗೊತ್ತಿಲ್ಲ. ಒಂದೇ ಮಾತು ಹೇಳಿ. ನಾಳೆ ಮಣ್ಣು ಬೀಳುತ್ತಾ, ಇಲ್ವಾ?"

ಮೇಡಂ ಗಡಿಯಾರ ನೋಡಿದರು. ಗುಡುಗು ನಿಂತ ಮೇಲೆ ಉಳಿಯುವುದು ಬೆರಳೆಣಿಕೆಯ ನಿಮಿಷಗಳು. ದೊಡ್ಡ ವಾದಕ್ಕೆ ಪೀಠಿಕೆ ಹಾಕುವುದಕ್ಕೇ ಅಷ್ಟು ಸಾಲದು. ಕಡತ ತೆರೆದು ಹಾಳೆ ತಿರುವುತ್ತ ಹೋದರು. ಎಲ್ಲೋ ಕೊನೆಯ ಭಾಗದಲ್ಲಿ, ಬಿಡಲು ಮನಸ್ಸಾಗದೆ ಸೇರಿಸಿದ್ದ ಒಂದು ಸಣ್ಣ ಅಂಶವಿತ್ತು. ಸಾರ್ವಜನಿಕ ಜಾಗ ಮುಚ್ಚುವ ಮೊದಲು ನಗರಸಭೆ ಅಲ್ಲೇ ನೋಟೀಸು ಅಂಟಿಸಿ ಜನರ ಆಕ್ಷೇಪಣೆ ಕೇಳಬೇಕು ಎಂಬುದು ನಿಯಮ. ನಗರಸಭೆ ನೋಟೀಸು ಅಂಟಿಸಿತ್ತು ನಿಜ. ಆದರೆ ಮೊದಲು ಗೇಟಿಗೆ ಬೀಗ ಜಡಿದು, ಆಮೇಲೆ ಒಳಗಿನ ಹಲಗೆಗೆ ಅಂಟಿಸಿತ್ತು. ಇಷ್ಟು ಹಗುರ ಮಾತನ್ನು ಸುಪ್ರೀಂ ಕೋರ್ಟಿನಲ್ಲಿ ಆಡುವುದೇ ಎಂದು ಮೇಡಂ ಅದನ್ನು ಹಿಂದಕ್ಕೆ ತಳ್ಳಿದ್ದರು.

ಅದರ ಮೇಲೆ ಬೆರಳಿಟ್ಟು ತೋರಿಸಿದರು. ಬರೆದರು: "ರೀ, ಮೊದಲು ಇದು. ಹೊತ್ತು ಉಳಿದ್ರೆ ದೊಡ್ಡದು."

ಹೊತ್ತು ಉಳಿದೀತು ಎಂಬ ಆಸೆ ಆ ಕ್ಷಣದಲ್ಲೂ ಅವರಿಗೆ ಸತ್ತಿರಲಿಲ್ಲ.

ಕೊನೆಗೆ ಕೂಗಿದಾಗ ಕೋಣೆಯಲ್ಲಿ ಎಲ್ಲರೂ ಆಕಳಿಸುತ್ತಿದ್ದರು. ಆಮೇಲೆ ಸಾರ್ ಎದ್ದು ಮೇಜಿನ ಅಂಚು ಹಿಡಿದುಕೊಂಡರು. ಕೋಣೆಗೆ ಕೋಣೆಯೇ ಅವರ ಬಾಯಿ ನೋಡುತ್ತಿತ್ತು. ಮೇಡಂ ಚೀಟಿ ಬರೆಯಲು ಪೆನ್ನು ತೆಗೆದವರು, ಅದನ್ನು ಮುಚ್ಚಿಟ್ಟು, ತಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಅಷ್ಟು ವರ್ಷಗಳ ವಕೀಲಿಯಲ್ಲಿ ಅವರು ಮಾಡಿದ ಅತಿ ಕಷ್ಟದ ಕೆಲಸ ಅದು.

"ಮಹಾಸ್ವಾಮಿ," ಎಂದರು ಗಂಡ. ತೂಗಿದರು. ಇನ್ನೊಮ್ಮೆ ತೂಗಿದರು. "ನಗರಸಭೆಯವರು ಗೇಟಿಗೆ ಬೀಗ ಹಾಕಿದ್ದು ತಿಂಗಳ ಮೊದಲನೇ ವಾರ. ನೋಟೀಸು ಅಂಟಿಸಿದ್ದು ಎರಡನೇ ವಾರ. ಅಂಟಿಸಿದ ಹಲಗೆ ಬಟ್ಟೆ ಬದಲಾಯಿಸೋ ಕೋಣೆ ಪಕ್ಕದಲ್ಲಿದೆ." ನಿಲ್ಲಿಸಿದರು. ಮೇಡಂ ಆಗಿದ್ದರೆ ಆ ಮೌನದಲ್ಲಿ ಇನ್ನೂ ಮೂರು ಕಾರಣ ತುರುಕುತ್ತಿದ್ದರು. "ಗೇಟಿನ ಒಳಗೆ," ಎಂದು ಸೇರಿಸಿ ಸುಮ್ಮನಾದರು.

ನ್ಯಾಯಮೂರ್ತಿಗಳಿಬ್ಬರೂ ನೆಟ್ಟಗಾದರು. ನಗರಸಭೆಯ ವಕೀಲ, ಚುರುಕು ಯುವಕ, ತಟ್ಟನೆ ಎದ್ದ. "ನೋಟೀಸು ಹಾಕಿದ್ದಕ್ಕೆ ಫೋಟೋ ಇದೆ ಮಹಾಸ್ವಾಮಿ."

"ಫೋಟೋ ತೆಗೆದವರು ಒಳಗೆ ಹೇಗೆ ಹೋದರು?" ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

"ಬೀಗದ ಕೈ ನಮ್ಮ ಹತ್ರ ಇತ್ತಲ್ಲ ಮಹಾಸ್ವಾಮಿ."

"ಊರಿನವರ ಹತ್ರ?"

ಯುವಕ ಕಡತದಲ್ಲಿ ಉತ್ತರ ಹುಡುಕಿದ. ಹಾಗೆ ಎಲ್ಲ ಉತ್ತರಗಳೂ ಕಡತದಲ್ಲಿರುವುದಿಲ್ಲ.

"ಅಂದ್ರೆ ನೋಟೀಸನ್ನ ಓದಿದವು ಕೊಳದ ಕಪ್ಪೆಗಳು," ಎಂದರು, ಅಲ್ಲಿಯವರೆಗೆ ಸುಮ್ಮನಿದ್ದ ಎರಡನೆಯ ನ್ಯಾಯಮೂರ್ತಿಗಳು. "ಅವುಗಳ ಆಕ್ಷೇಪಣೆ ಏನಾದರೂ ಬಂತೇ?"

ಕೋಣೆ ನಕ್ಕು ಹಗುರಾಯಿತು. ಗೆಲುವು ಹತ್ತಿರ ಬಂದ ವಾಸನೆ ಮೇಡಂಗೆ ಮೂಗಿಗೇ ಬಡಿಯಿತು. ಆಗ ಹಿರಿಯ ನ್ಯಾಯಮೂರ್ತಿಗಳು ಕಡತದ ಮುಂಭಾಗದ ದಪ್ಪ ಭಾಗವನ್ನು ಎತ್ತಿ ಹಿಡಿದರು.

"ವಕೀಲರೇ, ಇಲ್ಲೊಂದು ದೊಡ್ಡ ಪ್ರಶ್ನೆ ಎತ್ತಿದ್ದೀರಿ. ಒಡೆಯನೋ, ಕಾವಲುಗಾರನೋ. ನಿಜ ಹೇಳಬೇಕಂದ್ರೆ ನಮಗೂ ಕುತೂಹಲ ಇದೆ. ನೀವು ಇದನ್ನ ಒತ್ತಿ ಹೇಳೋದಾದ್ರೆ ರಜೆ ಮುಗಿದ ಮೇಲೆ ದೊಡ್ಡ ಪೀಠಕ್ಕೆ ಕಳಿಸ್ತೀವಿ. ಆದರೆ ಆಗ ಇವತ್ತು ಏನೂ ತೀರ್ಮಾನ ಆಗಲ್ಲ. ತಡೆಯಾಜ್ಞೆ ಮುಂದುವರಿಸೋ ವಿಚಾರಾನೂ ಆ ಪೀಠದ್ದೇ. ಒತ್ತಿ ಹೇಳ್ತೀರಾ?"

ಗಂಡ ತಿರುಗಿ ಹೆಂಡತಿಯ ಮುಖ ನೋಡಿದರು. ನಿನ್ನದು, ನೀನೇ ಹೇಳು ಎನ್ನುವಂತಿತ್ತು ಆ ನೋಟ.

ದೊಡ್ಡ ಪೀಠ. ಸಾಲಾಗಿ ಕೂತ ನ್ಯಾಯಮೂರ್ತಿಗಳು, ಮರಳಿ ಬಂದ ಗಂಟಲು, ದಿನಗಟ್ಟಲೆ ವಾದ, ಪುಸ್ತಕ ಸೇರುವ ತೀರ್ಪು. ಕೇಳದೇ ಇದ್ದರೂ ಬಳಿಗೆ ಬಂದು ನಿಂತಿತ್ತು. ಒಮ್ಮೆ ತಲೆ ಬಗ್ಗಿಸಿದರೆ ಸಾಕಿತ್ತು. ಮೇಡಂ ಆಸೆಪಟ್ಟರು, ಮನಸಾರೆ ಆಸೆಪಟ್ಟರು. ಹಿಂದಿನ ಬೆಂಚಿನ ಕಡೆ ನೋಡಲೇಬಾರದು ಎಂದುಕೊಂಡು ನೋಡಿಯೇ ಬಿಟ್ಟರು. ಟೀಚರಮ್ಮನಿಗೆ ಕೇಳಿದ ಪ್ರಶ್ನೆ ಅರ್ಥವಾದಂತಿರಲಿಲ್ಲ. ನೀರಿಗೆ ಬಿದ್ದವರನ್ನು ದಡದಿಂದ ನೋಡುವವಳ ಹಾಗೆ, ಯಾವ ಕ್ಷಣದಲ್ಲಾದರೂ ಹಾರಲು ಸಿದ್ಧಳಾಗಿ ಕೂತಿದ್ದಳು. ಕೊಳ ಮುಚ್ಚಿದ ಮೇಲೆ ಕೊಳದ ಬಗ್ಗೆ ಎಷ್ಟು ದೊಡ್ಡ ತೀರ್ಪು ಬಂದರೂ ಅದರಲ್ಲಿ ಒಂದು ಮಗುವಿನ ಪಾದವೂ ನೆನೆಯುವುದಿಲ್ಲ.

ಮೇಡಂ ತಲೆ ಅಡ್ಡಡ್ಡ ಆಡಿಸಿದರು. ಕಣ್ಣು ಉರಿಯಿತು, ಆದರೂ ಆಡಿಸಿದರು.

"ಒತ್ತಿ ಹೇಳಲ್ಲ ಮಹಾಸ್ವಾಮಿ," ಎಂದರು ಗಂಡ. "ನಮಗೆ ಬೀಗ ಸಾಕು."

ಆದೇಶ ಚಿಕ್ಕದಾಗಿತ್ತು. ನಗರಸಭೆಯ ತೀರ್ಮಾನ ರದ್ದು, ಗೇಟು ತೆರೆಯಬೇಕು, ನೀರು ತುಂಬಿಸಬೇಕು, ಲಾರಿಗಳು ಮಣ್ಣಿನ ಸಮೇತ ಹಿಂದಕ್ಕೆ ಹೋಗಬೇಕು. ಕೊನೆಯಲ್ಲಿ, ದೊಡ್ಡ ಪ್ರಶ್ನೆಯನ್ನು ಸೂಕ್ತವಾದ ಬೇರೊಂದು ಪ್ರಕರಣಕ್ಕಾಗಿ ಬಿಡಲಾಗಿದೆ ಎಂಬ ಒಂದು ಸಾಲು. ಬೇರೆಯವರ ತೀರ್ಪುಗಳಲ್ಲಿ ಆ ಸಾಲನ್ನು ಎಷ್ಟೋ ಸಲ ಓದಿದ್ದ ಮೇಡಂಗೆ ಅದು ನೋಯಿಸುತ್ತದೆ ಎಂದು ಅವತ್ತೇ ತಿಳಿದದ್ದು.

ನೋವು ಬಹಳ ಹೊತ್ತು ನಿಲ್ಲಲು ಟೀಚರಮ್ಮ ಬಿಡಲಿಲ್ಲ. ಮೊಗಸಾಲೆಯಲ್ಲಿ ಮೇಡಂ ಅವರನ್ನು ಗೌನು ಸಮೇತ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಆಮೇಲೆ ಸಾರ್ ಹತ್ತಿರ ಹೋದಳು, ಅವರು ಗೋಡೆಗೆ ಒತ್ತಿಕೊಂಡು ಕೈ ಮುಗಿದುಬಿಟ್ಟರು.

ರಜೆಯ ನಡುವೆ ಡಾಕ್ಟರು ಮೇಡಂಗೆ ಮಾತಾಡಲು ಅಪ್ಪಣೆ ಕೊಟ್ಟರು. ಆಗಷ್ಟೇ ಕೊಳಕ್ಕೂ ನೀರು ತುಂಬಿತ್ತು. ಬೆಳಗಿನ ಬಿಸಿಲಿನಲ್ಲಿ ಊರಿಗೆ ಊರೇ ಅಲ್ಲಿ ನೆರೆದಿತ್ತು. ಮಕ್ಕಳು ಕಿರುಚುತ್ತ ಹಾರುತ್ತಿದ್ದರು, ಹೊಟ್ಟೆ ಬಂದ ಗಂಡಸರು ಅಂಗಾತ ತೇಲುತ್ತಿದ್ದರು, ಇಬ್ಬರು ಅಜ್ಜಿಯರು ಕಂಬಿ ಹಿಡಿದುಕೊಂಡು ಸೊಸೆಯರ ವಿಷಯ ಮಾತಾಡುತ್ತಿದ್ದರು. ನೀರು ಕಂಡರೆ ಹೆದರುವ ಮೇಡಂ, ಟೀಚರಮ್ಮನ ಕಾಟ ತಾಳಲಾರದೆ, ಎದೆಮಟ್ಟದ ನೀರಿನಲ್ಲಿ ಕಂಬಿಗೆ ಜೋತುಬಿದ್ದು ನಿಂತಿದ್ದರು. ಗಂಡ ಪ್ಯಾಂಟು ಮಡಚಿ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದರು.

"ಏ," ಎಂದರು ಗಂಡ. "ನೀನು ಹೇಳದೇ ಉಳಿಸಿಕೊಂಡ ಆ ವಾದ ಇದ್ಯಲ್ಲ, ಈಗ ಹೇಳು. ಪೂರ್ತಿ ಹೇಳು. ನಾನು ಊಟಕ್ಕೂ ಏಳಲ್ಲ."

ಮೇಡಂ ಗಂಟಲು ಸರಿಮಾಡಿಕೊಂಡರು. ದನಿ ಬಂದಿತ್ತು, ಮೊದಲಿಗಿಂತ ಒಂದಿಷ್ಟು ಒರಟಾಗಿ, ಆದರೆ ತಮ್ಮದೇ ದನಿ. ಮೊದಲ ವಾಕ್ಯ ಅಕ್ಷರ ತಪ್ಪದೆ ನೆನಪಿತ್ತು. ಹೇಳಲೆಂದು ಸುತ್ತ ನೋಡಿದರು. ತೇಲುವ ಹೊಟ್ಟೆಗಳನ್ನೂ, ಅಜ್ಜಿಯರನ್ನೂ, ನೀರೆರಚುವ ಮಕ್ಕಳನ್ನೂ ಒಂದು ಸುತ್ತು ನೋಡಿ ಮುಗಿಸಿದರು.

"ಬೇಡ ಬಿಡಿ ರೀ," ಎಂದರು. "ಇಲ್ಲಿ ಎದುರು ಪಕ್ಷದವರು ಯಾರೂ ಇಲ್ವಲ್ಲ. ಯಾರ ಹತ್ರ ಅಂತ ವಾದ ಮಾಡ್ಲಿ?"

ಹಾಗೆಂದು ಒಂದು ಕೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದಿದ್ದ ಕಂಬಿ ಬಿಟ್ಟರು.